ಕೂಡಿಸಿದ ಗಂಟೆ

ಓಟ್ಸ್ ಗಂಜಿ ತಳ ಹಿಡಿದಿತ್ತು. ಮೆರಿಯಲ್ ಪಾತ್ರೆಗೆ ಬಿಸಿನೀರು ಹೊಯ್ದು ಮರದ ಚಮಚದಿಂದ ಕೆರೆಯುತ್ತ ನಿಂತಿದ್ದಳು. ಹಿಂದೆ ಮೇಜಿನ ಬಳಿ ಮಗಳು ಹೆಟ್ಟಿ ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು, ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು, ಬಟ್ಟಲಿನ ಅಂಚಿನಿಂದ ನಡುವಿನವರೆಗೆ ಸುತ್ತು ಬರುವ ಹಾಗೆ ನಿಧಾನವಾಗಿ ತಿನ್ನುತ್ತಿದ್ದಳು. ಶಾಲೆಯ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷವಿತ್ತು. ಆಗ ಫೋನು ಬಡಿದುಕೊಂಡಿತು.

ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ನೋಡಿದರೆ ಪರ್ಸಿಯ ಹೆಸರು. ಕಡಲ ಬದಿಯ ಹಳೆಯ ಊರಿನಲ್ಲಿ ಧಕ್ಕೆಯನ್ನು ನೋಡಿಕೊಳ್ಳುವ ಮುದುಕ. ಬ್ರೆಂಟ್‌ಹೈತ್ ಬಿಟ್ಟು ಬಂದು ಎರಡು ವರ್ಷದ ಮೇಲಾಗಿತ್ತು. ಕ್ರಿಸ್‌ಮಸ್ಸಿಗೊಂದು ಕಾರ್ಡು ಕಳಿಸುವುದು ಬಿಟ್ಟರೆ ಪರ್ಸಿ ತಾನಾಗಿ ಮಾತಾಡಿಸಿದವನಲ್ಲ. ಅವನು ಫೋನು ಮಾಡುವುದಿದ್ದರೆ ಒಂದೇ ಕಾರಣಕ್ಕೆ ಎಂದು ಅವಳು ಯಾವತ್ತೋ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದಳು. ನಲ್ಲಿಯನ್ನು ಪೂರ್ತಿ ಬಿಟ್ಟು, ಅದರ ಸದ್ದಿನ ಮರೆಯಲ್ಲಿ ಬಾಗಿಲಾಚೆ ನಿಂತಳು.

“ಮಾಮ? ಕ್ಲೆಮ್ ಸಿಕ್ಕಿದ್ನಾ?”

“ಇಲ್ಲ ಮಗಳೇ, ಇಲ್ಲ. ಅದಲ್ಲ. ಅಯ್ಯೋ, ಬೆಳಬೆಳಿಗ್ಗೆ ಫೋನು ಮಾಡಿ ನಿನ್ನ ಹೆದರಿಸಿಬಿಟ್ನಲ್ಲ.” ಪರ್ಸಿಗೆ ಕಿವಿ ಮಂದ. ಅದಕ್ಕೆ ಲೋಕವೆಲ್ಲ ಕಿವುಡು ಎಂಬಂತೆ ಕೂಗಿ ಮಾತಾಡುತ್ತಾನೆ. “ಧಕ್ಕೆ ಮೇಲಿನ ಗುಡಿಸಲು ಮಾರಿಬಿಟ್ರು. ಲಂಡನ್ನಿನೋರು ತಗೊಂಡಿದಾರೆ. ಐಸ್‌ಕ್ರೀಮ್ ಮಾರ್ತಾರಂತೆ. ಸೋಮವಾರ ನಾನು ಬೀಗದಕೈ ಕೊಟ್ಟುಬಿಡಬೇಕು.”

“ಮತ್ತೆ ಹಲಗೆ?”

“ಹಲಗೇನ ಗೋಡೆ ಮೇಲೇ ಬಿಡಿ, ಚೆನ್ನಾಗಿ ಕಾಣುತ್ತೆ ಅಂದ್ರು. ಬಿಲ್ಲೆಗಳನ್ನ ಅವರವರ ಮನೆಯೋರು ತಗೊಂಡು ಹೋದ್ರು. ಉಳಿದಿರೋದು ನಿಮ್ಮದೊಂದು. ಅದೇ, ಆಚೆ ಕಡೇಲಿ.” ಪರ್ಸಿ ಕೆಮ್ಮಿದ. ಕೆಮ್ಮು ಬಂದದ್ದಲ್ಲ, ತರಿಸಿಕೊಂಡದ್ದು. “ಶನಿವಾರ ಸಂಜೆ ದೊಡ್ಡ ಭರತ ಇದೆ, ಕಡಲು ಉಕ್ಕುತ್ತೆ. ಧಕ್ಕೆ ತನಕ ನೀರು ಬರೋದು ಈ ತಿಂಗಳಲ್ಲಿ ಅದೊಂದು ವಾರ ಅಷ್ಟೇ. ಬಂದು ಬಿಟ್ಟುಬಿಡು ಮಗಳೇ. ಐಸ್‌ಕ್ರೀಮ್ ಅಂಗಡೀಲಿ ಅವನು ನೇತಾಡೋದು ಬೇಡ.”

“ಬರ್ತೀನಿ. ಹೆಟ್ಟಿನ ಪಕ್ಕದ ಮನೇಲಿ ಬಿಟ್ಟು...”

“ಅದು ಹೇಗಾಗುತ್ತೆ? ಮನೇಲಿರೋರೆಲ್ಲ ಕೈ ಹಾಕಬೇಕು. ನಿಂಗೆ ಗೊತ್ತಿಲ್ದೆ ಇರೋದಾ?”

ಗೊತ್ತಿತ್ತು. ಅವಳು ಒಳಗೆ ಬಂದು ನಲ್ಲಿ ನಿಲ್ಲಿಸಿದಳು. ಹೆಟ್ಟಿ ಎರಡನೆಯ ಕಾಲುಚೀಲವನ್ನೂ ಹಾಕಿಕೊಂಡು ಕೈಕಟ್ಟಿ ಕೂತಿದ್ದಳು. ಪರ್ಸಿಯ ಗಂಟಲಿಗೆ ನಲ್ಲಿಯ ನೀರು ಎಲ್ಲಿ ಸಾಟಿ?

“ನಾನೂ ಬರ್ತೀನಿ,” ಎಂದಳು ಹೆಟ್ಟಿ. ಕೇಳಿದ್ದಲ್ಲ, ಹೇಳಿದ್ದು.

ಬ್ರೆಂಟ್‌ಹೈತಿನ ಧಕ್ಕೆ ಎಂದರೆ ಹಿಂದೆ ಹಡಗು ನಿಲ್ಲುತ್ತಿದ್ದ ಕಲ್ಲುಕಟ್ಟೆ. ಅದರ ಮೇಲೆ ಒಂದು ಗುಡಿಸಲು, ಗುಡಿಸಲೊಳಗೆ ಒಂದು ಉದ್ದನೆಯ ಹಲಗೆ. ಹಲಗೆಯ ನಡುವೆ ಒಂದು ಗೀಟು. ಗೀಟಿನ ಈಚೆ ಇರುವವರು ಮನೆಯಲ್ಲಿದ್ದಾರೆ, ಆಚೆ ಇರುವವರು ನೀರಿಗೆ ಹೋಗಿದ್ದಾರೆ. ಮನೆಗೊಂದು ಮರದ ಬಿಲ್ಲೆ, ಅಂಗೈಯಗಲದ್ದು, ಮೇಲೆ ಆ ಮನೆಯ ಗುರುತು ಸುಟ್ಟು ಬರೆದದ್ದು. ಹೋಗುವಾಗ ಆಚೆಯ ಮೊಳೆಗೆ ಹಾಕಿ ಹೋಗಬೇಕು, ಬಂದಮೇಲೆ ಈಚೆಗೆ ಹಾಕಿ ಮನೆಗೆ ಹೋಗಬೇಕು. ಹಡಗುಗಳ ಕಾಲದ ಪದ್ಧತಿ ಅದು. ಹೊಳೆ ಹೂಳು ತಂದು ತುಂಬಿ, ಕಡಲು ಒಂದೂವರೆ ಮೈಲಿ ಆಚೆಗೆ ಸರಿದು, ಹಡಗುಗಳು ಬರುವುದು ನಿಂತು ಎಷ್ಟು ತಲೆಮಾರಾಯಿತೋ. ಆದರೂ ಜೌಗು ದಾಟಿ ಮರಳಿಗೆ ಹೋಗುವ ಹತ್ತು ಹದಿನೈದು ಮಂದಿ ಬಿಲ್ಲೆ ತಪ್ಪಿಸುತ್ತಿರಲಿಲ್ಲ. ಬಿಲ್ಲೆಯನ್ನು ಬೇರೆ ಮನೆಯವರು ಮುಟ್ಟುವ ಹಾಗಿಲ್ಲ. ಹೋದವನು ಬರಲಿಲ್ಲ, ದೇಹವೂ ಸಿಗಲಿಲ್ಲ ಎಂದಾದರೆ ಅದನ್ನು ಈಚೆಗೆ ತರುವ ಹಾಗೂ ಇಲ್ಲ. ಮನೆಯವರೆಲ್ಲ ಸೇರಿ ಹಿಡಿದು, ಭರತ ತಿರುಗಿ ಇಳಿಯತೊಡಗುವ ಹೊತ್ತಿಗೆ ನೀರಿಗೆ ಬಿಡಬೇಕು. ವರ್ಷ ತುಂಬಿದ ಮೇಲೆ ಬಿಡುವುದು ವಾಡಿಕೆ. ಮೆರಿಯಲ್ ಎರಡು ವರ್ಷವಾದರೂ ಆ ಕಡೆ ತಲೆ ಹಾಕಿರಲಿಲ್ಲ.

ತಲೆ ಹಾಕದ್ದಕ್ಕೆ ಕಾರಣ ದುಃಖವೊಂದೇ ಅಲ್ಲ. ಅವಳಲ್ಲಿ ಒಂದು ಮುಚ್ಚಿಟ್ಟ ಮಾತಿತ್ತು. ಆ ಮಾತನ್ನು ಹೊತ್ತುಕೊಂಡು, ನಕಾಶೆಯಲ್ಲಿ ಕಡಲಿಗೆ ಎಲ್ಲಕ್ಕಿಂತ ದೂರ ಕಂಡ ಕೆಟರಿಂಗ್ ಎಂಬ ಊರನ್ನು ಹುಡುಕಿ, ಅಲ್ಲಿಗೆ ಬಂದು, ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಹಿಡಿದಿದ್ದಳು.

ಅವಳ ಗಂಡ ಕ್ಲೆಮ್ ಮರಳುಹುಳು ಅಗೆದು, ಮೀನಿಗೆ ಗಾಳ ಹಾಕುವವರಿಗೆ ಮಾರುತ್ತಿದ್ದವನು. ಅಕ್ಷರಕ್ಕೂ ಅವನಿಗೂ ಆಗಿಬರುತ್ತಿರಲಿಲ್ಲ. ಕಡಲು ಏರಿಳಿಯುವ ಗಂಟೆಗಳಿರುವ ಭರತದ ಪಟ್ಟಿ ನೋಡುವುದು ಹೆಂಡತಿಯ ಕೆಲಸ. ಬಾಗಿಲ ಪಕ್ಕದ ಸ್ಲೇಟಿನಲ್ಲಿ ಅವಳು ನೀರು ಇಳಿದು ಮತ್ತೆ ಏರಲು ತಿರುಗುವ ಗಂಟೆಯನ್ನು ಬರೆಯುವಳು, ಅವನು ಅದನ್ನು ನೋಡಿ ಹೋಗುವನು, ಆ ಗಂಟೆಗೆ ಸರಿಯಾಗಿ ಗುದ್ದಲಿ ಹೆಗಲಿಗೇರಿಸಿ ವಾಪಸು ಹೊರಡುವನು. ಮಾರ್ಚಿ ಕೊನೆಯಲ್ಲಿ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ. ಪಟ್ಟಿಯಲ್ಲಿ ಮಾತ್ರ ಹಳೆಯ ಗಂಟೆಯೇ ಇರುತ್ತಿತ್ತು. ಹಾಗಾಗಿ ಬೇಸಿಗೆಯುದ್ದಕ್ಕೂ ಪಟ್ಟಿಯ ಗಂಟೆಗೆ ಒಂದು ಕೂಡಿಸಿ ಬರೆಯಬೇಕು. ಆ ಊರಿನ ಹೆಂಗಸರಿಗೆ ಇದು ಚಹಾಕ್ಕೆ ಹಾಲು ಹಾಕಿದಷ್ಟು ರೂಢಿ.

ಆ ವರ್ಷ ಹಳೆಯ ಪಟ್ಟಿ ಬರಲಿಲ್ಲ. ರಜೆಗೆ ಬರುವ ಜನಕ್ಕೆ ಸುಲಭವಾಗಲಿ ಎಂದು ದೋಣಿ ಕ್ಲಬ್ಬಿನವರು ಬಣ್ಣಬಣ್ಣದ ಹೊಸ ಪಟ್ಟಿ ಮಾಡಿಸಿ ಮನೆಮನೆಗೆ ಹಂಚಿದರು. ಅದರಲ್ಲಿ ಬೇಸಿಗೆಯ ಗಂಟೆಯನ್ನು ಅವರೇ ಕೂಡಿಸಿಬಿಟ್ಟಿದ್ದರು. ಹಾಗೆಂದು ಪುಟದ ಕೆಳಗೆ ಒಂದು ಸಣ್ಣ ಸಾಲು ಇತ್ತು.

ಗಡಿಯಾರ ಮುಂದಿಟ್ಟ ವಾರವೇ ಅದು ನಡೆದದ್ದು. ಹೆಟ್ಟಿಗೆ ಆಗ ಆರೂವರೆ ವರ್ಷ. ಶಾಲೆಯಲ್ಲಿ ಗಂಟೆಯ ಲೆಕ್ಕ ಹೊಸದಾಗಿ ಕಲಿತಿದ್ದಳು. ಮಣೆ ಎಳೆದುಕೊಂಡು ನಿಂತು, “ನಾನು ಕೂಡಿಸ್ತೀನಿ, ನಾನು ಬರೀತೀನಿ” ಎಂದು ಸೀಮೆಸುಣ್ಣ ಕಸಿದುಕೊಂಡಳು. ಪಟ್ಟಿಯಲ್ಲಿ ಒಂದು ಗಂಟೆ ನಲವತ್ತು ಎಂದಿತ್ತು. ಅವಳು ಬೆರಳು ಮಡಚಿ ಕೂಡಿಸಿ, ನಾಲಿಗೆ ಹೊರಚಾಚಿ, ಎರಡು ಗಂಟೆ ನಲವತ್ತು ಎಂದು ಬರೆದಳು. ಎರಡರ ಅಂಕಿ ಕನ್ನಡಿಯಲ್ಲಿ ಕಂಡ ಹಾಗೆ ಎಡಗಡೆಗೆ ತಿರುಗಿಕೊಂಡಿತ್ತು. ಕ್ಲೆಮ್ ಬೂಟು ಹಾಕಿಕೊಳ್ಳುತ್ತ ನಕ್ಕ. “ಬಂದರಿನ ಅಧಿಕಾರಿಗಳು ಬರೆದ ಮೇಲೆ ಮುಗೀತು. ಅಪ್ಪಣೆ ಸಾಹೇಬ್ರೆ,” ಎಂದು ಮಗಳಿಗೆ ಸಲಾಮು ಹೊಡೆದ. ಮೆರಿಯಲ್ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಬಾಗಿಲು ದಾಟುತ್ತಿದ್ದವಳು, ಸ್ಲೇಟಿನತ್ತ ಒಂದು ನೋಟ ಹಾಯಿಸಿ, “ಸರಿಯಿದೆ ಕಣೇ, ಜಾಣೆ,” ಎಂದಳು. ಪಟ್ಟಿ ನೋಡಲಿಲ್ಲ. ಬುಟ್ಟಿ ಭಾರವಿತ್ತು.

ಮಧ್ಯಾಹ್ನ ಮಂಜು ಇಳಿಯಿತು. ಜೌಗಿನ ಕಾಲುವೆಗಳು ಹಾಗೆಯೇ, ಮುಂದಿನಿಂದ ಬರುವುದಿಲ್ಲ, ಬೆನ್ನ ಹಿಂದೆ ತುಂಬುತ್ತವೆ. ಒಂದು ಗಂಟೆ ತಡವಾಗಿ ಹೊರಟವನಿಗೆ ದಾರಿಯೇ ಇರುವುದಿಲ್ಲ. ಸಂಜೆಯವರೆಗೆ ಊರವರು ಕೂಗಿದರು, ಕೊಂಬು ಊದಿದರು. ಮಾರನೆಯ ದಿನ ಹುಳುವಿನ ಬಕೆಟ್ಟು ಸಿಕ್ಕಿತು.

ಅವನು ಬಾರದೆ ಹೋದ ದಿನವೇ ಸಂಜೆ, ಪೊಲೀಸಿನವರು ಬಾಗಿಲು ತಟ್ಟುವುದಕ್ಕೆ ಮೊದಲೇ, ಮೆರಿಯಲ್ ಪಟ್ಟಿಯ ಕೆಳಗಿನ ಸಾಲನ್ನು ಓದಿದ್ದಳು. ಓದಿ, ತೋಳಿನಿಂದ ಸ್ಲೇಟು ಒರೆಸಿ, ಅದೇ ಗಂಟೆಯನ್ನು ತನ್ನ ಕೈಯಲ್ಲಿ ಮತ್ತೆ ಬರೆದಳು. ನೆಟ್ಟಗಿನ ಎರಡು. ಯಾರು ಬರೆದದ್ದು ಎಂದು ಅವರು ಕೇಳಿದಾಗ ನಾನು ಎಂದಳು. ವಿಚಾರಣೆಯಲ್ಲಿಯೂ ನಾನು ಎಂದಳು. ಊರು ಅದನ್ನು ನಂಬಿತು. ಸ್ಲೇಟು ಒರೆಸುವ ಹೊತ್ತಿಗೆ ಹೆಟ್ಟಿ ಮಹಡಿಯ ಮೇಲೆ ನಿದ್ದೆ ಹೋಗಿದ್ದಳು.

ಅದಾದ ಮೇಲೆ ಮಗು ಅಪ್ಪನ ಬಗ್ಗೆ ಏನೇನೋ ಕೇಳಿತು, ಆ ಬೆಳಗಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮರೆತಿದ್ದಾಳೆ ಎಂದುಕೊಂಡು ಮೆರಿಯಲ್ ಉಸಿರು ಬಿಟ್ಟಿದ್ದಳು. ಆದರೆ ಹೊಸ ಶಾಲೆಯ ಟೀಚರು ಹೋದ ವರ್ಷ ಪುಸ್ತಕ ಬಿಚ್ಚಿ ತೋರಿಸಿದ್ದರು. ಗುಣಾಕಾರ, ಭಾಗಾಕಾರ ಎಲ್ಲ ಸರಿ. ಗಡಿಯಾರದ ಲೆಕ್ಕ ಬಂದ ಕಡೆಯೆಲ್ಲ ಪುಟ ಖಾಲಿ. “ಬರಲ್ಲ ಅಂತಲ್ಲ, ಮಾಡಲ್ಲ,” ಎಂದಿದ್ದರು ಟೀಚರು. ಬ್ರೆಂಟ್‌ಹೈತಿಗೆ ಮಗುವನ್ನು ಕರೆದುಕೊಂಡು ಹೋಗುವುದೆಂದರೆ ಮೆರಿಯಲ್‌ಗೆ ಒಂದೇ ಚಿಂತೆ: ಆ ಪಟ್ಟಿಯನ್ನು ಮಗು ನೋಡಬಾರದು, ಆ ಸಾಲನ್ನು ಓದಬಾರದು. ಈಗ ಅವಳಿಗೆ ಒಂಬತ್ತು ತುಂಬುತ್ತ ಬಂತು. ಔಷಧಿ ಸೀಸೆಯ ಮೇಲಿನ ಅಕ್ಷರವನ್ನೂ ಬಿಡುವವಳಲ್ಲ.

ಎರಡು ರೈಲು, ಒಂದು ಬಸ್ಸು. ಬಸ್ಸಿನಲ್ಲಿ ಕೊನೆಗೆ ಉಳಿದವರು ಅವರಿಬ್ಬರೇ. ಚರ್ಚಿನ ಮುಂದೆ ಇಳಿದಾಗ ಮಧ್ಯಾಹ್ನ ಮೂರಾಗಿತ್ತು. ಶನಿವಾರ, ರಜೆಗೆ ಮನೆ ಬಾಡಿಗೆ ಹಿಡಿದವರು ಒಬ್ಬರು ಹೋಗಿ ಒಬ್ಬರು ಬರುವ ದಿನ. ಮನೆಮನೆಯ ಮುಂದೆ ಬೇರೆ ಊರಿನ ಕಾರುಗಳು ಬಾಗಿಲು ತೆರೆದುಕೊಂಡು ನಿಂತಿದ್ದವು. ದವಸದ ಮಂಡಿ ಇದ್ದದ್ದು ಈಗ ಆರು ಮನೆ. ಸುಂಕದ ಕಟ್ಟೆಗೆ ತೆಳು ನೀಲಿ ಬಣ್ಣ. ಪ್ರತಿ ಬಾಗಿಲ ಪಕ್ಕದಲ್ಲೂ ಬೀಗದಕೈ ಇಡುವ, ಅಂಕಿ ಒತ್ತಿ ತೆರೆಯುವ ಡಬ್ಬಿ. ಬೀದಿಯಲ್ಲಿ ಪರಿಚಯದ ಮುಖ ಒಂದೂ ಇಲ್ಲದ್ದು ಮೆರಿಯಲ್‌ಗೆ ಸಮಾಧಾನವೇ ಆಯಿತು.

ಅವರ ಹಳೆಯ ಬಾಡಿಗೆ ಮನೆಯ ಮುಂದೆ ಹೆಟ್ಟಿ ನಿಂತಳು. ಆ ಸ್ಲೇಟು ಅಲ್ಲೇ ಇತ್ತು, ಬಾಗಿಲ ಹೊರಗಡೆ, ಹಗ್ಗ ಕಟ್ಟಿ ನೇತುಹಾಕಿತ್ತು. ಸುಸ್ವಾಗತ ಎಂದು ಯಾರೋ ಅಂದವಾಗಿ ಬರೆದಿದ್ದರು. ಕೆಳಗೆ ಇನ್ಯಾರದೋ ಮಗು ಏಡಿಯೊಂದನ್ನು ಗೀಚಿತ್ತು.

“ನಡಿ ಚಿನ್ನ, ಐವಿ ಅಜ್ಜಿ ಕಾಯ್ತಿರ್ತಾರೆ.”

“ಏಡಿಗೆ ಆರೇ ಕಾಲು ಬರೆದಿದಾರೆ,” ಎಂದಳು ಹೆಟ್ಟಿ.

ಐವಿ ಎಂದರೆ ಕ್ಲೆಮ್‌ನ ದೊಡ್ಡಮ್ಮ, ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದವಳು. ಬೀದಿಯಲ್ಲಿ ವರ್ಷವಿಡೀ ಒಲೆ ಹಚ್ಚುವ ಮನೆಗಳು ನಾಲ್ಕು, ಅದರಲ್ಲಿ ಅವಳದೊಂದು. ರಾತ್ರಿ ಅಲ್ಲೇ ತಂಗುವುದೆಂದು ಗೊತ್ತಾಗಿತ್ತು. ಬಾಗಿಲು ತೆರೆದವಳು ಮೆರಿಯಲ್‌ಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

“ಬಂದ್ಯಾ? ಕಡ್ಡಿ ಆಗಿದೀಯಲ್ಲೇ. ಶಾಲೆ ಮಕ್ಕಳಿಗೆಲ್ಲ ಬಡಿಸ್ತೀಯ, ನಿನ್ನ ತಟ್ಟೆಗೆ ಹಾಕ್ಕೊಳೋಕೆ ಕೈ ಬರಲ್ವಾ?” ಆಮೇಲೆ ಹೆಟ್ಟಿಯ ಗಲ್ಲ ಎತ್ತಿ, “ಅವನದೇ ಮೂಗು. ನೆಗಡಿ ಆದ್ರೆ ಕೆಂಪಗಾಗುತ್ತಾ? ಆಗುತ್ತೆ, ನಂಗೊತ್ತು,” ಎಂದಳು.

ಚಹಾ ಬಂತು, ಸೋಂಪು ಹಾಕಿದ ಕೇಕು ಬಂತು. ಐವಿ ಊರಿನ ಸುದ್ದಿ ಹೇಳಿದಳು. “ಪಕ್ಕದ ಮನೇಲಿ ಯಾರಿದಾರೆ ಅಂತ ಕೇಳ್ಬೇಡ. ವಾರಕ್ಕೊಂದು ಪಕ್ಕದ ಮನೆ ನಂಗೆ. ಮೊನ್ನೆ ಬಂದೋರು ಜೌಗಿನ ಕಡೆಯಿಂದ ಕೆಸರು ವಾಸನೆ ಬರುತ್ತೆ ಅಂತ ದೂರು ಕೊಟ್ರು. ಕೆಸರಿಗೆ ನಾನು ಸೆಂಟು ಹೊಡೀಲಾ?”

ಮೆರಿಯಲ್ ನಕ್ಕಳು. ಹೆಟ್ಟಿಯೂ ನಕ್ಕಳು. ಐವಿ ಮಾತ್ರ ನಗಲಿಲ್ಲ. ಬಸಿಯ ಮೇಲೆ ಬಟ್ಟಲು ತಿರುಗಿಸುತ್ತ ಕೂತಳು.

“ನೀನು ಇವತ್ತು ಬರ್ತೀಯ ಅಂತ ರಾತ್ರಿಯೆಲ್ಲ ಅಂದ್ಕೊಂಡೆ, ಏನೂ ಅನ್ನಬಾರದು, ಬಾಯಿ ಹೊಲ್ಕೊಂಡು ಇರಬೇಕು ಅಂತ. ಆಗಲ್ಲ ಕಣೇ. ಒಂದು ಗಂಟೆ, ಮೆರಿಯಲ್. ಕೆಳಗೆ ಬರೆದಿದ್ರಲ್ಲ, ಓದೋಕೆ ಬರಲ್ವಾ ನಿಂಗೆ? ಅವನಿಗೆ ಬರ್ತಿರಲಿಲ್ಲ. ನಿಂಗೆ ಬರ್ತಿತ್ತಲ್ಲ.”

“ಅತ್ತೆ, ಮಗು ಇದೆ.”

“ಇರಲಿ. ನನ್ನ ಮಗು ಇಲ್ಲವಲ್ಲ.”

ಕುರ್ಚಿಯ ಹೊದಿಕೆಯ ಮೇಲೆ ಮಲಗಿದ್ದ ಐವಿಯ ಬೆಕ್ಕು ಇಳಿದು ಹೊರಗೆ ಹೋಯಿತು. ಮೆರಿಯಲ್ ತನಗೆ ಬಾಯಿಪಾಠವಾಗಿದ್ದ ಮಾತನ್ನು ಬಾಯಿಪಾಠದ ದನಿಯಲ್ಲೇ ಹೇಳಿದಳು. “ಹೌದು ಅತ್ತೆ. ಬರೆದದ್ದು ನಾನು. ತಪ್ಪು ನಂದೇ.”

ಹೆಟ್ಟಿಯ ಕೈಯಲ್ಲಿದ್ದ ಕೇಕಿನ ತುಂಡು ತಟ್ಟೆಗೆ ವಾಪಸು ಹೋಯಿತು. ಅವಳು ಅಮ್ಮನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು, ತನಗೆ ಗೊತ್ತಿರುವ ಮುಖವೇ ಹೌದೋ ಅಲ್ಲವೋ ಎಂಬಂತೆ. ಮೆರಿಯಲ್ ಕಿಟಕಿಯತ್ತ ತಿರುಗಿ ಚಹಾ ಕುಡಿದಳು. ಆರಿ ಹೋಗಿತ್ತು.

ಹೊರಡುವಾಗ ಐವಿ ಉಳಿದ ಕೇಕನ್ನು ಕಾಗದದಲ್ಲಿ ಸುತ್ತಿ ಮೆರಿಯಲ್‌ಳ ಕೋಟಿನ ಜೇಬಿಗೆ ತುರುಕಿದಳು. “ಅಲ್ಲಿ ಚಳಿ ಇರುತ್ತೆ. ಮಗೂಗೆ ಕೊಡು. ನೀನೂ ತಿನ್ನು,” ಎಂದಳು. ತಾನು ಬರುವುದಿಲ್ಲ ಎಂದಳು. ಒಂದೇ ಸೂರಿನ ಕೆಳಗಿನವರ ಕೆಲಸ ಅದು, ತನ್ನದು ಬೇರೆ ಸೂರು. ಪದ್ಧತಿಯನ್ನು ಹಾಗೆ ನೆಪ ಮಾಡಿಕೊಂಡಳು, ಪಾಪ.

ಆರೂವರೆಗೆ ಧಕ್ಕೆಗೆ ಹೋದರು. ಕಲ್ಲುಕಟ್ಟೆಯಲ್ಲಿ ಹಡಗು ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಇನ್ನೂ ಇದ್ದವು, ಒಂದರಲ್ಲಿ ಯಾರೋ ಸೈಕಲ್ಲಿಗೆ ಬೀಗ ಹಾಕಿದ್ದರು. ಕಟ್ಟೆಯ ಕೆಳಗೆ ನೀರಿರಲಿಲ್ಲ. ಬೂದುಬಣ್ಣದ ಕೆಸರು, ಅದರಾಚೆ ಹುಲ್ಲು, ಹುಲ್ಲಿನಾಚೆ ಇನ್ನೂ ಹುಲ್ಲು. ಕಡಲು ಎಲ್ಲಿದೆ ಎಂದು ಗೊತ್ತಿದ್ದವರಿಗೆ ಮಾತ್ರ ದೂರದಲ್ಲೊಂದು ಬಿಳಿ ಗೆರೆ ಕಾಣುತ್ತಿತ್ತು.

ಪರ್ಸಿ ಗುಡಿಸಲ ಬಾಗಿಲಲ್ಲಿ ನಿಂತಿದ್ದ. ಕೋಟು ಹಾಕಿ ಟೈ ಕಟ್ಟಿದ್ದ. “ಬಾ ಪುಟ್ಟಿ. ಅಯ್ಯಪ್ಪಾ, ಎಷ್ಟು ಎತ್ತರ ಆಗಿದೀಯ! ನನ್ನ ತಲೆ ಮುಟ್ಟೋಕೆ ಇನ್ನೆರಡು ವರ್ಷ ಸಾಕು. ನಾನೂ ಕುಗ್ಗಿ ಸ್ವಲ್ಪ ಸಹಾಯ ಮಾಡ್ತಿದೀನಿ,” ಎಂದ.

ಗುಡಿಸಲೊಳಗೆ ಅರ್ಧ ಖಾಲಿ. ಡಬ್ಬಗಳು, ಹಗ್ಗದ ಸುರುಳಿ. ಹಲಗೆಯ ಈಚೆ ಕಡೆಯಲ್ಲಿ ಬರಿಯ ಮೊಳೆಗಳ ಸಾಲು. ಆಚೆ ಕಡೆಯಲ್ಲಿ ಒಂದೇ ಒಂದು ಬಿಲ್ಲೆ. ಎರಡು ಗೀಟು, ಒಂದು ಬಾಗಿದ ಗೆರೆ, ಅದು ಅವರ ಮನೆಯ ಗುರುತು. ಮೆರಿಯಲ್ ಅದನ್ನು ನೋಡಿದ್ದು ಆಮೇಲೆ. ಅವಳ ಕಣ್ಣು ಮೊದಲು ಹೋದದ್ದು ಹಲಗೆಯ ಪಕ್ಕದಲ್ಲಿ ಪಿನ್ನು ಚುಚ್ಚಿ ಹಾಕಿದ್ದ ಬಣ್ಣದ ಪಟ್ಟಿಯ ಕಡೆಗೆ. ಮೈಯನ್ನು ಸ್ವಲ್ಪ ವಾರೆ ಮಾಡಿ, ಅದಕ್ಕೆ ಬೆನ್ನು ಕೊಟ್ಟು ಗೋಡೆಗೊರಗಿ ನಿಂತಳು.

“ಎಷ್ಟು ಹೊತ್ತಿಗೆ ಮಾಮ?”

“ಏಳು ಹನ್ನೆರಡಕ್ಕೆ ತಿರುಗುತ್ತೆ. ಇನ್ನೂ ಅರ್ಧ ಗಂಟೆ ಇದೆ. ಬರುತ್ತೆ ನೀರು, ಬರುತ್ತೆ. ಈಗೆಲ್ಲ ಸೋಮಾರಿ ಆಗಿಬಿಟ್ಟಿದೆ.”

ಹೆಟ್ಟಿ ಪರ್ಸಿಯನ್ನೇ ನೋಡುತ್ತಿದ್ದಳು. “ಪರ್ಸಿ ಅಜ್ಜ, ಒಂದು ಗಂಟೆ ಕೂಡಿಸೋದು ಬೇಡ್ವಾ?”

ಎರಡೂವರೆ ವರ್ಷದಲ್ಲಿ ಆ ಬಾಯಿಂದ ಗಡಿಯಾರದ ಮಾತು ಬಂದದ್ದು ಅದೇ ಮೊದಲು. ಕಿವಿ ಮಂದವಾದ ಪರ್ಸಿಗೆ ಯಾವತ್ತೂ ಕೇಳಿಸದ ಸಣ್ಣ ದನಿ ಅಂದು ಸ್ಪಷ್ಟವಾಗಿ ಕೇಳಿಸಿಬಿಟ್ಟಿತ್ತು.

“ಬೇಡ ಪುಟ್ಟಿ. ಅದೆಲ್ಲ ಹಳೇ ಪಟ್ಟೀಗೆ. ಇದರಲ್ಲಿ ಅವರೇ ಕೂಡಿಸಿಟ್ಟಿರ್ತಾರೆ, ನೋಡು, ಕೆಳಗೆ ಬರೆದಿದೆ. ದೋಣಿ ಕ್ಲಬ್ಬಿನೋರು ಮಾಡಿಸೋಕೆ ಶುರು ಮಾಡಿದಾಗಿಂದ...” ಅಲ್ಲಿಗೆ ಅವನಿಗೆ ತಾನೇನು ಹೇಳುತ್ತಿದ್ದೇನೆಂದು ಹೊಳೆಯಿತು. ಮುಖ ಕೆಂಪಗಾಯಿತು. ಮೆರಿಯಲ್‌ಳ ತೋಳು ಹಿಡಿದು, “ಅಯ್ಯೋ ಮಗಳೇ. ಬುದ್ಧಿಯಿಲ್ಲದ ಮುದುಕ ನಾನು. ನಿನ್ನ ನೋಯಿಸಬೇಕು ಅಂತಲ್ಲ. ಯಾರಿಗಾದ್ರೂ ಆಗೋ ತಪ್ಪು ಅದು. ನನ್ನ ಹೆಂಡತಿ ಇದ್ದಿದ್ರೆ ಅವಳೂ ಕೂಡಿಸ್ತಿದ್ಲು,” ಎಂದ.

“ಇರಲಿ ಮಾಮ,” ಎಂದಳು ಮೆರಿಯಲ್.

ಹೆಟ್ಟಿ ಅಮ್ಮನ ಪಕ್ಕಕ್ಕೆ ಬಂದು, ಸೊಂಟದ ಹತ್ತಿರ ತಲೆ ಬಾಗಿಸಿ, ಪಟ್ಟಿಯ ಕೆಳಗಿನ ಸಾಲನ್ನು ಓದಿದಳು. ತುಟಿ ಅಲುಗಲಿಲ್ಲ. ಓದಿ ಮುಗಿದ ಮೇಲೂ ಅಲ್ಲೇ ನಿಂತಿದ್ದಳು. ಮೆರಿಯಲ್ ಅವಳ ಜುಟ್ಟಿನ ಮೇಲೆ ಕೈಯಿಟ್ಟಳು. ಮಗು ತಳ್ಳಲಿಲ್ಲ, ಒರಗಲೂ ಇಲ್ಲ.

ನೀರು ಬಂತು. ಮೊದಲು ಕಾಲುವೆಯ ತಳದಲ್ಲಿ ಒಂದು ಹೊಳಪು, ಆಮೇಲೆ ಹೊಳಪಿಗೆ ಅಗಲ. ಕೆಸರಿನ ಸಣ್ಣ ಸಣ್ಣ ತೂತುಗಳಿಂದ ಗುಳ್ಳೆ ಎದ್ದವು. ಬೆಳಕು ಹೋಗುತ್ತಿತ್ತು. ಕಟ್ಟೆಯ ಮೆಟ್ಟಿಲಿನ ಕೊನೆಯ ಕಲ್ಲು ಒದ್ದೆಯಾಯಿತು, ಅದರ ಮೇಲಿನದು ಆಗಲಿಲ್ಲ. ನಾಲ್ಕು ಬೆರಳು ನೀರು, ಅಷ್ಟೇ. ಅದರ ಮೇಲೆ ಹುಲ್ಲಿನ ಕಸ, ಬಾತಿನ ಪುಕ್ಕ, ಯಾರೋ ಎಸೆದ ಕಾಗದದ ಲೋಟ.

ಮೆರಿಯಲ್ ಮೊಳೆಯಿಂದ ಬಿಲ್ಲೆ ತೆಗೆದಳು. ಅದರ ಹಿಂದೆ ಹಲಗೆಯ ಮೇಲೆ ಬಿಲ್ಲೆಯಷ್ಟೇ ಜಾಗ ಬಿಸಿಲು ಕಾಣದೆ ಕಪ್ಪಗೆ ಉಳಿದಿತ್ತು. ಮೆಟ್ಟಿಲಿಳಿದು ಇಬ್ಬರೂ ಕುಕ್ಕುರುಗಾಲಲ್ಲಿ ಕೂತರು. ಹೆಟ್ಟಿ ಒಂದು ಅಂಚು ಹಿಡಿದಳು, ಮೆರಿಯಲ್ ಇನ್ನೊಂದು. ಮಗುವಿನ ಬೆರಳು ಮಂಜಿನಂತೆ ತಣ್ಣಗಿತ್ತು. ಪರ್ಸಿ ಮೇಲೆ ನಿಂತು ಟೋಪಿ ತೆಗೆದ.

ನೀರು ನಿಂತಿತು. ಪುಕ್ಕ ಇದ್ದಲ್ಲೇ ನಿಂತಿತು.

“ಕ್ಲೆಮ್, ಈ ಧಕ್ಕೆಯಿಂದ ಹೊರಟೋನು,” ಎಂದು ಪರ್ಸಿ ಕೂಗಿದ. ಅಷ್ಟೇ ಹೇಳುವುದು. ಅಷ್ಟೇ ಹೇಳುತ್ತ ಬಂದಿರುವುದು.

ಇಬ್ಬರೂ ಬಿಟ್ಟರು. ಬಿಲ್ಲೆ ತೇಲಿತು. ಒಮ್ಮೆ ತನ್ನ ಸುತ್ತ ತಾನು ತಿರುಗಿತು. ಹಡಗು ಬರುತ್ತಿದ್ದ ಕಾಲದಲ್ಲಿ ಇಳಿಯುವ ನೀರು ಅದನ್ನು ಸೀದಾ ಕಡಲಿಗೆ ಒಯ್ಯುತ್ತಿತ್ತಂತೆ, ಕಣ್ಣಿಗೆ ಕಾಣದಷ್ಟು ದೂರ ಹೋಗುವವರೆಗೆ ಹೆಂಗಸರು ಕಟ್ಟೆಯ ಮೇಲೆ ನಿಂತಿರುತ್ತಿದ್ದರಂತೆ. ಇದು ಹತ್ತು ಮಾರು ಹೋಯಿತು. ಅಲ್ಲಿ ಹುಲ್ಲಿನ ಬುಡಕ್ಕೆ ತಾಗಿ ನಿಂತಿತು. ನೀರು ಅದನ್ನು ಬಿಟ್ಟು ಪಕ್ಕದಿಂದ ಹೊರಟುಹೋಯಿತು, ಕಸ, ಪುಕ್ಕ, ಲೋಟ ಎಲ್ಲವನ್ನೂ ಕರೆದುಕೊಂಡು. ಸ್ವಲ್ಪ ಹೊತ್ತಿಗೆ ಬಿಲ್ಲೆಯ ಕೆಳಗೆ ಬರಿಯ ಕೆಸರು.

“ಕೋಲು ತರ್ಲಾ?” ಪರ್ಸಿ ಕೇಳಿದ. “ತಳ್ಳಿಬಿಡ್ತೀನಿ.”

“ಬೇಡ ಮಾಮ.”

“ಬೆಳಗಿನ ಭರತಕ್ಕೆ ಹೋಗುತ್ತೇನೋ.”

“ಹ್ಞೂಂ.”

ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಪರ್ಸಿ ಟೋಪಿ ಹಾಕಿಕೊಂಡು ಗುಡಿಸಲಿನ ಬೀಗ ಹಾಕಲು ಹೋದ. ಬೀಗ ತುಕ್ಕು ಹಿಡಿದದ್ದು, ಅವನು ಅದನ್ನು ಬೈಯುತ್ತಿರುವುದು ಕೇಳಿಸುತ್ತಿತ್ತು. ಸೋಮವಾರದವರೆಗೆ ಮಾತ್ರ ಅವನದಾಗಿದ್ದ ಬೀಗ.

ಮೆರಿಯಲ್ ಜೇಬಿನಿಂದ ಕೇಕು ತೆಗೆದು ಮಗಳಿಗೆ ಚಾಚಿದಳು. ಹೆಟ್ಟಿ ತೆಗೆದುಕೊಳ್ಳಲಿಲ್ಲ. ಕೆಸರಿನಲ್ಲಿ ಕೂತಿದ್ದ ಬಿಲ್ಲೆಯನ್ನೇ ನೋಡುತ್ತಿದ್ದಳು. ಮಂಡಿಯನ್ನು ಎರಡು ಕೈಯಿಂದಲೂ ಬಿಗಿಯಾಗಿ ಅಪ್ಪಿಕೊಂಡಿದ್ದಳು.

“ನಾನು ಬರೆದ ಎರಡು ಆ ಕಡೆ ತಿರುಗಿತ್ತು,” ಎಂದಳು. “ಅಪ್ಪ ನಕ್ಕಿದ್ದ. ಮಾರನೇ ದಿನ ಬೆಳಿಗ್ಗೆ ನಾನು ಕೆಳಗೆ ಬಂದಾಗ ಅದು ನೆಟ್ಟಗಿತ್ತು.”

ಎರಡೂವರೆ ವರ್ಷದಿಂದ ಮೆರಿಯಲ್ ಉತ್ತರಗಳನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದಳು. ಪಾತ್ರೆ ತೊಳೆಯುತ್ತ, ಬಟ್ಟೆ ಮಡಚುತ್ತ, ಶಾಲೆಯ ಇನ್ನೂರು ತಟ್ಟೆಗೆ ಆಲೂಗಡ್ಡೆ ಬಡಿಸುತ್ತ. ಸರಿಯಿದೆ ಎಂದವಳು ನಾನು, ಪಟ್ಟಿ ನೋಡದವಳು ನಾನು, ಮಂಜು ಇಲ್ಲದಿದ್ದರೆ ಬರುತ್ತಿದ್ದ, ನೀನು ಪುಟ್ಟ ಮಗು. ಎಲ್ಲವೂ ನಿಜವೇ. ಈಗ ಹುಡುಕಿದರೆ ಒಂದೂ ಕೈಗೆ ಸಿಗಲಿಲ್ಲ. ಕೇಕಿನ ಕಾಗದ ಮಾತ್ರ ಸಿಕ್ಕಿತು, ಅದನ್ನೇ ಮಡಚಿದಳು, ಮತ್ತೆ ಮಡಚಿದಳು.

ಹೆಟ್ಟಿ ಮುಖ ತಿರುಗಿಸಿ ಅವಳನ್ನು ನೋಡಿದಳು. ಅಳುತ್ತಿರಲಿಲ್ಲ. ಶಾಲೆಯಲ್ಲಿ ಲೆಕ್ಕ ಒಪ್ಪಿಸುವ ಮಗುವಿನ ಮುಖವದು.

“ಅಮ್ಮ, ಆ ಗಂಟೆ ಕೂಡಿಸಿದ್ದು ನಾನು ತಾನೆ?”